ಒಂದೇ ಫೈಲು, ಮೂರು ಚರ್ಚೆ

ಪ್ರತಿ ವರ್ಷ ಜೂನ್ ಬಂತು ಅಂದ್ರೆ ನಮ್ಮ ನ್ಯೂಸ್ ರೂಮಿನಲ್ಲಿ ಒಂದು ಸಣ್ಣ ಚೌಕಟ್ಟು ರೆಡಿಯಾಗುತ್ತೆ. ಪರದೆಯ ಮೂಲೆಯಲ್ಲಿ ಕೂರುವ ಚೌಕಟ್ಟು. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಇವತ್ತಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ನೀವು ಅದನ್ನು ನೋಡೇ ನೋಡಿರ್ತೀರಿ. ಮದುವೆ ಮನೆಯಲ್ಲಿ ಟಿವಿ ಸೌಂಡ್ ಆಫ್ ಮಾಡಿದ್ದರೂ ಮಂಡ್ಯದ ಕಡೆಯವರು ಆ ಮೂಲೆಯನ್ನು ಒಂದು ಸಲ ನೋಡಿಯೇ ಊಟಕ್ಕೆ ಕೂರೋದು.

2023ರಲ್ಲಿ ಆ ಚೌಕಟ್ಟು ನಮ್ಮನ್ನೆಲ್ಲ ಹೆದರಿಸಿಬಿಟ್ಟಿತ್ತು. ದೇಶದಲ್ಲಿ ಮಳೆ ಲೆಕ್ಕ ಇಡೋಕೆ ಶುರು ಮಾಡಿದ 1901ರಿಂದ ಈಚೆಗೆ ಅಷ್ಟು ಒಣಗಿದ ಆಗಸ್ಟ್ ತಿಂಗಳು ಬಂದಿರಲಿಲ್ಲ. ಸೆಪ್ಟೆಂಬರ್ ಕೊನೆಯಲ್ಲಿ, ಅಂದರೆ ಕಟ್ಟೆ ತುಂಬಿ ತುಳುಕಬೇಕಾದ ಹೊತ್ತಿನಲ್ಲಿ, ಕೆಆರ್‌ಎಸ್‌ನಲ್ಲಿ 100 ಅಡಿ ನೀರೂ ಇರಲಿಲ್ಲ. ಸೆಪ್ಟೆಂಬರ್ 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್. ಅಕ್ಟೋಬರ್‌ನಲ್ಲಿ ಕರೆಂಟಿನ ಗಲಾಟೆ. ರೈತರ ಪಂಪ್‌ಸೆಟ್‌ಗೆ ಕೊಡುತ್ತಿದ್ದ ಏಳು ಗಂಟೆ ಐದಕ್ಕೆ ಇಳೀತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು.

ನಾವೇನು ಮಾಡಿದ್ವಿ? ಬೆಳಗ್ಗೆ ಕಾವೇರಿ ಚರ್ಚೆ. ಮಧ್ಯಾಹ್ನ ಲೋಡ್ ಶೆಡ್ಡಿಂಗ್ ಚರ್ಚೆ. ಸಂಜೆ ಬರದ ಚರ್ಚೆ. ಬೆಳಗಿನದಕ್ಕೆ ವಕೀಲರು ಮತ್ತು ಹೋರಾಟಗಾರರು, ಮಧ್ಯಾಹ್ನದ್ದಕ್ಕೆ ಪಕ್ಷಗಳ ವಕ್ತಾರರು, ಸಂಜೆಗೆ ಹವಾಮಾನ ತಜ್ಞರು. ಮೂರೂ ಚರ್ಚೆಯಲ್ಲಿ ಇದ್ದವನು ನಾನೊಬ್ಬನೇ. ಆದರೂ ಈ ಮೂರೂ ಒಂದೇ ವಿಷಯ ಅಂತ ನನಗೆ ಹೊಳೆಯಲಿಲ್ಲ ನೋಡಿ.

ಹೊಳೆಯುವ ಹಾಗೆ ಮಾಡಿದ್ದು ಒಂದು ಫೋನ್ ಕರೆ. ಲೈವ್ ಕಾರ್ಯಕ್ರಮಕ್ಕೆ ಮಳವಳ್ಳಿ ತಾಲ್ಲೂಕಿನ ರೈತರೊಬ್ಬರು ಫೋನ್ ಮಾಡಿದ್ರು. 'ಸಾ, ಬೆಂಗ್ಳೂರಿಗೆ ನೀರು ನಮ್ಮೂರ್ ಪಕ್ಕದಲ್ಲೇ ಪೈಪ್ನಾಗೆ ಹೋಯ್ತದೆ. ಆ ನೀರ ಎತ್ತೋ ಕರೆಂಟು ನಮ್ಮ ತಲೆ ಮೇಲೇ ಹೋಯ್ತದೆ. ನಮ್ ಮೋಟ್ರಿಗೆ ಮಾತ್ರ ತ್ರೀ ಫೇಸು ರಾತ್ರಿ ಎರಡು ಗಂಟ್ಗೆ ಬತ್ತದೆ. ಇದ್ಯಾವ ಲೆಕ್ಕ ಸಾ?' ಅಂದ್ರು. ನಾನು ಅಭ್ಯಾಸಬಲದಿಂದ 'ನಿಮ್ಮ ಪ್ರಶ್ನೆಯನ್ನು ಸಚಿವರ ಮುಂದೆ ಇಡ್ತೀವಿ' ಅಂದು ಬ್ರೇಕ್ ತಗೊಂಡೆ.

ಬ್ರೇಕ್ ಮುಗಿದ ಮೇಲೂ ಆ ಪ್ರಶ್ನೆ ಬಿಡಲಿಲ್ಲ. ಯಾಕಂದ್ರೆ ಆ ಲೆಕ್ಕ ಶುರುವಾಗಿದ್ದೇ ಅವರ ತಾಲ್ಲೂಕಿನಲ್ಲಿ. ಶಿವನಸಮುದ್ರದಲ್ಲಿ. ಆ ಭಾಗದ ಹಳಬರು ಇವತ್ತಿಗೂ 'ಬ್ಲಫ್' ಅಂತಾರಲ್ಲ, ಅಲ್ಲಿ.

1902ರ ಜೂನ್ ಕೊನೆ. ಶಿವನಸಮುದ್ರದ ವಿದ್ಯುದಾಗಾರ ಚಾಲೂ ಆಯ್ತು. ಇದಕ್ಕೆ ಮನಸ್ಸು ಮಾಡಿದ ದಿವಾನ್ ಶೇಷಾದ್ರಿ ಅಯ್ಯರ್ ಅದನ್ನು ನೋಡಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ರು. ಕೆಲಸ ಹೊತ್ತವರು ಜೋಲಿ ಡಿ ಲಾಟ್‌ಬಿನಿಯರ್ ಅನ್ನುವ ಸೇನಾ ಇಂಜಿನಿಯರ್, ಕೆನಡಾ ಮೂಲದವರು. ಯುರೋಪ್, ಅಮೆರಿಕ ಸುತ್ತಿ ಬಂದು, ಜನರಲ್ ಎಲೆಕ್ಟ್ರಿಕ್ ಕಂಪನಿಯ ಯಂತ್ರ ತರಿಸಿ, ಕಾಡಿನ ನಡುವಿನ ಆ ಕಮರಿಗೆ ಇಳಿಸಿದರು. ಆಗ ನದಿಯ ಆಚೆ ದಡ ಮೈಸೂರಿನದಲ್ಲ. ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, 1956ರವರೆಗೂ. ಒಂದೇ ಹೊಳೆ, ಎಡಕ್ಕೆ ಮಹಾರಾಜರು, ಬಲಕ್ಕೆ ಬ್ರಿಟಿಷರು.

ಈ ಕರೆಂಟು ಯಾರಿಗೆ? ಶಾಲೆಯಲ್ಲಿ ನಾವು ಓದಿದ್ದು ಬೆಂಗಳೂರಿಗೆ ಬಂದ ಮೊದಲ ಬೀದಿ ದೀಪದ ಕಥೆ. ಅದು ಆಮೇಲೆ, 1905ರ ಆಗಸ್ಟ್ 5ರಂದು. ಮೊದಲ ಗಿರಾಕಿ ಕೋಲಾರದ ಚಿನ್ನದ ಗಣಿ. ಶಿವನಸಮುದ್ರದಿಂದ ಕೆಜಿಎಫ್‌ಗೆ 92 ಮೈಲಿ, ಅಂದರೆ ಸುಮಾರು 147 ಕಿಲೋಮೀಟರ್ ತಂತಿ ಎಳೆದಿದ್ರು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಒಂದು. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲಿಲ್ಲ. ಗಣಿಯ ಉಗಿಯಂತ್ರಗಳಿಗೆ ಅದನ್ನು ದೂರದಿಂದ ತರಿಸಬೇಕಿತ್ತು. ಕಾವೇರಿ ಕೆಳಗೆ ಬೀಳುವ ರಭಸ ಆ ಖರ್ಚು ಉಳಿಸಿತು, ಗಣಿ ಕಂಪನಿ ಹಣ ಕೊಟ್ಟಿತು, ಸಂಸ್ಥಾನಕ್ಕೆ ಆದಾಯ ಬಂತು. ಬುದ್ಧಿವಂತರ ವ್ಯವಹಾರ, ನಾನು ಅಲ್ಲಗಳೆಯೋದಿಲ್ಲ. ಆದರೆ ಆ ಕಂಬಗಳ ಕೆಳಗಿದ್ದ ಹಳ್ಳಿಗಳಿಗೆ ಬೆಳಕು ಬರೋಕೆ ದಶಕಗಳೇ ಬೇಕಾದವು. ಫೋನ್ ಮಾಡಿದ್ದ ಯಜಮಾನರ ಅಜ್ಜ ಬುಡ್ಡಿ ದೀಪದಲ್ಲೇ ಊಟ ಮಾಡಿರಬೇಕು, ತಲೆ ಮೇಲೆ ಕರೆಂಟು ಹೋಗ್ತಾ ಇದ್ದಾಗ!

ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ತೊಂದರೆ ಗೊತ್ತಾಯ್ತು. ಗಣಿಗೆ ವರ್ಷದ 12 ತಿಂಗಳೂ ಕರೆಂಟು ಬೇಕು. ನೆಲದ ಕೆಳಗೆ ಜನ ಇದ್ದಾರೆ, ಬೇಸಿಗೆ ರಜೆ ಅಂತ ಪಂಪು ನಿಲ್ಲಿಸೋಕಾಗುತ್ತಾ? ಕಾವೇರಿ ಹಾಗಲ್ಲ. ಜುಲೈ, ಆಗಸ್ಟ್‌ನಲ್ಲಿ ಗಗನಚುಕ್ಕಿಯಲ್ಲಿ ಎದೆ ನಡುಗಿಸುವ ಹೊಳೆ, ಮಾರ್ಚ್, ಏಪ್ರಿಲ್‌ನಲ್ಲಿ ಬಂಡೆಗಳ ಮಧ್ಯೆ ಒಂದು ಗೆರೆ. ಗಣಿಯವರು ಇನ್ನೂ ಹೆಚ್ಚು ಕರೆಂಟು ಕೇಳ್ತಿದ್ರು. ಹಾಗಾದರೆ ಮಳೆಗಾಲದ ನೀರನ್ನು ಎಲ್ಲಾದರೂ ಮೇಲೆ ಹಿಡಿದಿಟ್ಟು ಬೇಸಿಗೆಯಲ್ಲಿ ಬಿಡಬೇಕು. ಕನ್ನಂಬಾಡಿಯ ಫೈಲು ತೆರೆದುಕೊಂಡದ್ದು ಹೀಗೆ.

ಕೆಆರ್‌ಎಸ್ ಅಂದರೆ ಕಬ್ಬು, ಭತ್ತ, ಮಂಡ್ಯ ಅಂತಲೇ ನಮ್ಮ ತಲೆಯಲ್ಲಿ ಕೂತಿದೆ. ಅದು ಸುಳ್ಳೇನಲ್ಲ. 1876ರಿಂದ 78ರವರೆಗಿನ ಧಾತು ಈಶ್ವರದ ಬರದಲ್ಲಿ ಮೈಸೂರಿನ ಜನಸಂಖ್ಯೆಯಲ್ಲಿ ಐದನೇ ಒಂದು ಭಾಗ ಹೋಯ್ತು ಅಂತ ಅಂದಾಜು. ಆ ನೆನಪು ಆಗಿನ ಅಧಿಕಾರಿಗಳಿಗೆ ಇತ್ತು. 1909ರಲ್ಲಿ ಮುಖ್ಯ ಇಂಜಿನಿಯರ್ ಆಗಿ ಬಂದ ವಿಶ್ವೇಶ್ವರಯ್ಯನವರ ಯೋಜನೆಯಲ್ಲಿ ಎರಡೂ ಇತ್ತು: ಶಿವನಸಮುದ್ರಕ್ಕೆ ಬೇಸಿಗೆ ನೀರು, ಹೊಲಕ್ಕೆ ನಾಲೆ ನೀರು. ಮಳೆ ಕೈಕೊಟ್ಟರೆ ಎರಡೂ ಏನಾಗುತ್ತೆ ಅನ್ನೋದೂ ಅದೇ ಲೆಕ್ಕದಲ್ಲಿತ್ತು. ನೀರು, ಕರೆಂಟು, ಮಳೆ ಮೂರೂ ಒಂದೇ ಫೈಲಿನಲ್ಲಿ.

ಹಣಕಾಸು ಇಲಾಖೆ ತಕರಾರು ಎತ್ತಿತು. ಅವರ ಪ್ರಶ್ನೆ ಇಷ್ಟೇ: ಅಷ್ಟೊಂದು ವಿದ್ಯುತ್ತನ್ನು ಕೊಳ್ಳುವವರು ಯಾರು? ಇವತ್ತು ಕೇಳಿದರೆ ನಗು ಬರುತ್ತೆ. ವಿಶ್ವೇಶ್ವರಯ್ಯನವರು ದಿವಾನ್ ಆನಂದರಾಯರ ಹತ್ತಿರ ಹೋದರು, ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಹತ್ತಿರ ಹೋದರು. 1911ರಲ್ಲಿ ಒಪ್ಪಿಗೆ ಸಿಕ್ತು, ಕೆಲಸ ಶುರುವಾಯ್ತು.

ಕೆಳಗೆ ಮದ್ರಾಸ್ ಇತ್ತಲ್ಲ. 1892ರ ಒಪ್ಪಂದದ ಪ್ರಕಾರ ಅವರನ್ನು ಕೇಳದೆ ಮೈಸೂರು ಹೊಸ ಅಣೆಕಟ್ಟು ಕಟ್ಟೋ ಹಾಗಿಲ್ಲ. ಮೈಸೂರು ಕೇಳಿದ್ದು 41.5 ಟಿಎಂಸಿ ಹಿಡಿಯುವ ಕಟ್ಟೆ. ಮದ್ರಾಸ್ ಒಪ್ಪಿದ್ದು 11 ಟಿಎಂಸಿಗೆ. ಮೈಸೂರಿನವರು ಏನು ಮಾಡಿದ್ರು ಗೊತ್ತಾ? ಒಪ್ಪಿಗೆ ಸಿಕ್ಕಿದ್ದು ಚಿಕ್ಕದಕ್ಕೆ, ಪಾಯ ಹಾಕಿದ್ದು ದೊಡ್ಡದಕ್ಕೆ! ಈಗಿನ ಕಾಲದಲ್ಲಿ ಎರಡು ಅಂತಸ್ತಿಗೆ ಪ್ಲಾನ್ ಪಾಸ್ ಮಾಡಿಸಿ ಐದು ಅಂತಸ್ತಿಗೆ ಪಿಲ್ಲರ್ ಎಬ್ಬಿಸ್ತಾರಲ್ಲ, ಹಾಗೆ. ಮದ್ರಾಸ್ ಸುಮ್ಮನಿರುತ್ತಾ? ವಿಷಯ ಪಂಚಾಯ್ತಿಗೆ ಹೋಯ್ತು. ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಗ್ರಿಫಿನ್ 1914ರಲ್ಲಿ ಕೊಟ್ಟ ತೀರ್ಪು ಹೆಚ್ಚುಕಡಿಮೆ ಮೈಸೂರಿನ ಪರ. ಮದ್ರಾಸ್ ಲಂಡನ್‌ವರೆಗೆ ಎಳೆದಾಡಿ ಅದನ್ನು ತಡೆಯಿತು. ಎಲ್ಲ ಮುಗಿದು 1924ರ ಫೆಬ್ರವರಿ 18ಕ್ಕೆ ಒಪ್ಪಂದಕ್ಕೆ ಸಹಿ ಬಿತ್ತು.

ನಮ್ಮ ಚರ್ಚೆಗಳಲ್ಲಿ '1924ರ ಒಪ್ಪಂದ' ಅಂತ ಸಾವಿರ ಸಲ ಬಂದಿದೆ. ನಾನೇ ನೂರಾರು ಸಲ ಹೇಳಿದ್ದೀನಿ. ಅದನ್ನು ಕೂತು ಓದಿದ್ದು ಮಾತ್ರ ಆ ಫೋನಿನ ಮೇಲೆಯೇ, ಸತ್ಯ ಹೇಳ್ತೀನಿ. ನಾನು ಅಂದುಕೊಂಡಿದ್ದು ಅದರಲ್ಲಿ ನಿಮಗಿಷ್ಟು ಟಿಎಂಸಿ, ನಮಗಿಷ್ಟು ಟಿಎಂಸಿ ಅಂತ ಪಾಲು ಬರೆದಿರುತ್ತೆ ಅಂತ. ಹಾಗಿಲ್ಲ. ಕಟ್ಟೆ ಎಷ್ಟು ದೊಡ್ಡದಿರಬಹುದು, ಎಷ್ಟು ಎಕರೆಗೆ ನೀರು ಹಾಯಿಸಬಹುದು ಅಂತ ಇದೆ. ಅದರ ಜೊತೆಗೆ ಒಂದು ಪಟ್ಟಿ. ತಿರುಚ್ಚಿ ಹತ್ತಿರದ ಮೇಲಣೆಯಲ್ಲಿ, ಅಂದರೆ ಕಾವೇರಿ ಮತ್ತು ಕೊಳ್ಳಿಡಂ ಬೇರೆಯಾಗುವ ಜಾಗದಲ್ಲಿ, ಯಾವ ತಿಂಗಳು ಎಷ್ಟು ಅಡಿ ನೀರು ನಿಂತಿರಬೇಕು ಅನ್ನುವ ಪಟ್ಟಿ. ಜೂನ್‌ನಲ್ಲಿ ಆರೂವರೆ ಅಡಿ, ಜುಲೈ, ಆಗಸ್ಟ್‌ನಲ್ಲಿ ಎಂಟು ಅಡಿ, ಹೀಗೆ ಜನವರಿಯವರೆಗೆ. ಅಲ್ಲಿ ಅಷ್ಟು ನೀರು ತೋರಿಸುವಂತೆ ಹೊಳೆಯನ್ನು ಬಿಟ್ಟು, ಉಳಿದದ್ದನ್ನು ಮೈಸೂರು ಕನ್ನಂಬಾಡಿಯಲ್ಲಿ ಹಿಡಿದುಕೊಳ್ಳಬೇಕು.

ಅಂದರೆ ಅವರು ಹತ್ತು ವರ್ಷ ಜಗಳ ಆಡಿದ್ದು ನೀರು ಸಾಲದ ತಿಂಗಳ ಬಗ್ಗೆ. ಹೊಳೆ ತುಂಬಿ ಹರಿಯುವಾಗ ಯಾರ ತಕರಾರೂ ಇಲ್ಲ. ಕಡಿಮೆ ಇದ್ದಾಗ ಯಾರು ಮೊದಲು, ಯಾರು ಆಮೇಲೆ ಅನ್ನೋದೇ ಜಗಳ. ಆ ಪಟ್ಟಿ ಮೈಸೂರಿಗೆ ನ್ಯಾಯವಾಗಿರಲಿಲ್ಲ. ಬ್ರಿಟಿಷರ ಪ್ರಾಂತ್ಯದ ಮುಂದೆ ಸಂಸ್ಥಾನ ಯಾವತ್ತೂ ಸಮಬಲದಲ್ಲಿ ಕೂತಿರಲಿಲ್ಲ, ಅದು ನನ್ನ ಖಚಿತ ಅಭಿಪ್ರಾಯ. ಆದರೂ ಅವರು ಮೇಜಿನ ಮೇಲೆ ಇಟ್ಟುಕೊಂಡಿದ್ದ ಪ್ರಶ್ನೆ ಸರಿಯಾದದ್ದು.

ನೋಡಿ ವಿಚಿತ್ರ. ಫೆಬ್ರವರಿಯಲ್ಲಿ ಒಣಗಿದ ಹೊಳೆಯ ಲೆಕ್ಕಕ್ಕೆ ಸಹಿ ಹಾಕಿದರು. ಅದೇ ವರ್ಷ ಜುಲೈನಲ್ಲಿ ಕೇರಳದವರು ಇವತ್ತಿಗೂ '99ರ ಪ್ರವಾಹ' ಅಂತ ನೆನೆಯುವ ಮಹಾಮಳೆ ಬಂತು. ಅವರ ಪಂಚಾಂಗದಲ್ಲಿ ಅದು 1099ನೇ ವರ್ಷ. ಕಾವೇರಿಯೂ ಆ ಮಳೆಗೆ ಉಕ್ಕಿ ಹರಿಯಿತು. ಹೊಳೆಗೆ ಒಪ್ಪಂದ ಓದೋಕೆ ಬರಲ್ಲ.

ಆ ಫೈಲನ್ನು ನಾನು ಇಷ್ಟು ಹೊಗಳ್ತಾ ಇದ್ದೀನಿ ಅಂತ ಅದರ ದೊಡ್ಡ ಕೊರತೆಯನ್ನು ಮುಚ್ಚಿಡಬಾರದು. ಅದನ್ನು ಓದಿದವರು, ಅದರ ಮೇಲೆ ಬರೆದವರು ಬೆರಳೆಣಿಕೆಯಷ್ಟು ಜನ. ಹಳೇ ಕನ್ನಂಬಾಡಿ ಮುಳುಗಿತು, ಸುತ್ತಲ ಹಳ್ಳಿಗಳೂ ಮುಳುಗಿದವು. ವೇಣುಗೋಪಾಲಸ್ವಾಮಿಯ ಗುಡಿ ದಶಕಗಟ್ಟಲೆ ನೀರಿನೊಳಗಿತ್ತು, ಬರ ಬಂದ ವರ್ಷ ಮಾತ್ರ ತಲೆ ಎತ್ತುತ್ತಿತ್ತು. ಆ ಊರಿನವರನ್ನು ಕೇಳಿದವರು ಯಾರು? ಇರ್ವಿನ್ ನಾಲೆ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆ ಬಂದಾಗಲೂ ರೈತನಿಗೆ ಮೊದಲು ಬಂದದ್ದು ಕರದ ಚೀಟಿ. 1930ರ ದಶಕದ ಆರಂಭದಲ್ಲೇ ಆ ಕರದ ವಿರುದ್ಧ ಅಲ್ಲಿನ ರೈತರು ಬೀದಿಗಿಳಿದಿದ್ದರು. ಮಂಡ್ಯದ ರೈತ ಹೋರಾಟಕ್ಕೆ ನೂರು ವರ್ಷ ಆಗ್ತಾ ಬಂತು ಅಂತ ನಾನು ಹೇಳೋದು ಅದಕ್ಕೇ.

ಸ್ವಾತಂತ್ರ್ಯ ಬಂದ ಮೇಲೆ ಫೈಲು ಒಡೆದುಹೋಯ್ತು. ನೀರಾವರಿಗೊಂದು ಇಲಾಖೆ, ವಿದ್ಯುತ್ತಿಗೊಂದು ಮಂಡಳಿ, ಬೆಂಗಳೂರಿನ ಕುಡಿಯುವ ನೀರಿಗೆ ಇನ್ನೊಂದು ಮಂಡಳಿ. ಹೊಳೆ ಮಾತ್ರ ಒಂದೇ. 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಸ್ಥಾವರ ಶುರುವಾಗುವವರೆಗೆ ನಮ್ಮ ರಾಜ್ಯದ ಕರೆಂಟಿನ ಬಹುಪಾಲು ನೀರಿನಿಂದಲೇ ಬರ್ತಾ ಇತ್ತು. ಮಳೆ ಹೋದರೆ ಕರೆಂಟೂ ಹೋಗುತ್ತೆ ಅನ್ನೋದನ್ನು ಆಗ ಮಕ್ಕಳಿಗೂ ಹೇಳಿಕೊಡಬೇಕಿರಲಿಲ್ಲ. ಪರೀಕ್ಷೆಗೆ ಲಾಟೀನಿನಲ್ಲಿ ಓದಿದವರಿಗೆ ಗೊತ್ತು. ಈಗ ಕಲ್ಲಿದ್ದಲು ಬಂದಿದೆ, ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಆದರೆ ಮಳೆ ಹೋದಾಗ ಜಲಾಶಯದ ಕರೆಂಟು ಇಳಿಯುತ್ತೆ, ಅದೇ ಹೊತ್ತಿಗೆ ಲಕ್ಷಾಂತರ ಪಂಪ್‌ಸೆಟ್‌ಗಳು ಒಟ್ಟಿಗೆ ಶುರುವಾಗುತ್ತವೆ. 2023ರ ಅಕ್ಟೋಬರ್‌ನಲ್ಲಿ ಆಗಿದ್ದು ಅದೇ.

ಇನ್ನು ಬೆಂಗಳೂರು. 1896ರಲ್ಲಿ ಹೆಸರಘಟ್ಟದ ನೀರು, 1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರು, ಎರಡೂ ಅರ್ಕಾವತಿಯದು. ಅದು ಸಾಲದೆ 1974ರಲ್ಲಿ ಕಾವೇರಿ ಬಂದಳು. ಎಲ್ಲಿಂದ? ಶಿವನಸಮುದ್ರದ ಅಣೆಯಿಂದಲೇ! ಅಲ್ಲಿಂದ ತಿರುಗಿದ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಗೆ ಬಂದು ಶುದ್ಧವಾಗಿ, ಅಲ್ಲಿಂದ ಪಂಪ್ ಆಗಿ, ಹಾರೋಹಳ್ಳಿಯಲ್ಲಿ ಮತ್ತೆ ಪಂಪ್ ಆಗಿ, ತಾತಗುಣಿಯಲ್ಲಿ ಮೂರನೇ ಸಲ ಪಂಪ್ ಆಗಿ, ಸುಮಾರು 100 ಕಿಲೋಮೀಟರ್ ದೂರ, ಹತ್ತಿರ ಹತ್ತಿರ 500 ಮೀಟರ್ ಎತ್ತರ ಏರಿ ನಮ್ಮ ನಲ್ಲಿಗೆ ಬರುತ್ತೆ. 1902ರಲ್ಲಿ ಯಾವ ಜಾಗದಲ್ಲಿ ಕಾವೇರಿಯನ್ನು ಬೀಳಿಸಿ ಕರೆಂಟು ಮಾಡಿದರೋ, ಅದೇ ಜಾಗದಿಂದ ಈಗ ಕರೆಂಟು ಸುರಿದು ಕಾವೇರಿಯನ್ನು ಮೇಲೆ ಎತ್ತುತ್ತಿದ್ದೇವೆ. ಬೆಂಗಳೂರಿನಲ್ಲಿ ಹಲ್ಲುಜ್ಜುವಾಗ ನಲ್ಲಿ ಬಿಟ್ಟುಕೊಂಡು ನಿಂತರೆ ಪೋಲಾಗೋದು ನೀರಷ್ಟೇ ಅಲ್ಲ ಅಂತ ನಾನು ಮನೆಯಲ್ಲಿ ಹೇಳಿ ಬೈಸಿಕೊಂಡಿದ್ದೂ ಇದೆ.

1924ರ ಒಪ್ಪಂದದ 50 ವರ್ಷ ಮುಗಿದದ್ದೂ 1974ರಲ್ಲೇ. ಆಮೇಲಿನದ್ದು ನಿಮಗೆ ಬಾಯಿಪಾಠ. 1990ರಲ್ಲಿ ನ್ಯಾಯಮಂಡಳಿ, 1991ರ ಮಧ್ಯಂತರ ತೀರ್ಪು ಮತ್ತು ಗಲಭೆ, 2007ರಲ್ಲಿ ಅಂತಿಮ ತೀರ್ಪು, 2016ರಲ್ಲಿ ಸುಟ್ಟ ಬಸ್ಸುಗಳು, 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್. ತಮಿಳುನಾಡಿಗೆ 404.25 ಟಿಎಂಸಿ, ನಮಗೆ 284.75, ಕೇರಳಕ್ಕೆ 30, ಪುದುಚೇರಿಗೆ 7. ಅವತ್ತು ನಾವು ಸ್ಟುಡಿಯೋದಲ್ಲಿ ಈ ಅಂಕಿಗಳನ್ನು ದೊಡ್ಡದಾಗಿ ತೋರಿಸಿದ್ವಿ. ನಮಗೆ 14.75 ಹೆಚ್ಚು ಸಿಕ್ಕಿದ್ದಕ್ಕೆ ಸಂಭ್ರಮವನ್ನೂ ತೋರಿಸಿದ್ವಿ.

ಒಂದು ಅಂಕಿ ತೋರಿಸಲಿಲ್ಲ. ಈ ಪಾಲುಗಳನ್ನೆಲ್ಲ ಕತ್ತರಿಸಿದ್ದು 740 ಟಿಎಂಸಿಯ ಒಂದು ರೊಟ್ಟಿಯಿಂದ. ಆ 740 ಎಲ್ಲಿಂದ ಬಂತು? ತೀರ್ಪಿನ ಭಾಷೆಯಲ್ಲಿ ಅದು '50 ಪರ್ಸೆಂಟ್ ಭರವಸೆ'ಯ ಲೆಕ್ಕ. ಬಿಡಿಸಿ ಹೇಳ್ತೀನಿ ಕೇಳಿ: ಹತ್ತು ವರ್ಷದಲ್ಲಿ ಐದು ವರ್ಷ ಹೊಳೆಯಲ್ಲಿ ಅಷ್ಟು ಅಥವಾ ಅದಕ್ಕಿಂತ ಹೆಚ್ಚು ನೀರು ಬರುತ್ತೆ, ಇನ್ನೈದು ವರ್ಷ ಅದಕ್ಕಿಂತ ಕಡಿಮೆ. ಕಡಿಮೆ ಬಂದ ವರ್ಷ ಏನು? ಎಲ್ಲರ ಪಾಲನ್ನೂ ಅದೇ ಪ್ರಮಾಣದಲ್ಲಿ ಇಳಿಸಿಕೊಳ್ಳಿ ಅಂತ ಒಂದು ಮಾತು ಇದೆ. ಯಾವಾಗ ಇಳಿಸಬೇಕು, ಆಗಸ್ಟ್‌ನಲ್ಲೋ ಅಕ್ಟೋಬರ್‌ನಲ್ಲೋ, ಸೆಪ್ಟೆಂಬರ್ ಮಳೆಯನ್ನು ನಂಬಬೇಕೋ ಬಿಡಬೇಕೋ ಅನ್ನೋದಕ್ಕೆ ಎಲ್ಲರೂ ಒಪ್ಪಿದ ಸೂತ್ರ ಇಲ್ಲ. 1924ರವರು ಅಡಿ ಲೆಕ್ಕದಲ್ಲಿ ಬರೆದುಕೊಂಡಿದ್ದ ಪ್ರಶ್ನೆಗೆ ನಮ್ಮ ಹತ್ತಿರ ಒಂದು ಸಾಲು ಮಾತ್ರ ಇದೆ. ಆ ಸಾಲಿನ ಮೇಲೆಯೇ 2023ರಲ್ಲಿ ಎರಡು ಬಂದ್ ಆಯ್ತು.

ಇನ್ನೊಂದು ವಿಷಯ, ಇದು ಬೆಂಗಳೂರಿನವರಿಗೆ. 2007ರಲ್ಲಿ ನ್ಯಾಯಮಂಡಳಿ ನಮ್ಮ ನಗರದ ಕುಡಿಯುವ ನೀರನ್ನು ಲೆಕ್ಕ ಹಾಕುವಾಗ ಊರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ ಅಂತ ಹಿಡಿಯಿತು. ಅಷ್ಟೇ ಅಲ್ಲ, ಬೇಕಾದ ನೀರಿನಲ್ಲಿ ಅರ್ಧ ಬೋರ್‌ವೆಲ್‌ನಿಂದ ಬರುತ್ತೆ ಅಂತಲೂ ಹಿಡಿಯಿತು. ಸುಪ್ರೀಂ ಕೋರ್ಟ್ ಅದನ್ನು ಒಪ್ಪದೆ 4.75 ಟಿಎಂಸಿ ಸೇರಿಸಿ ಕೊಟ್ಟಿತು. ಆದರೆ ನಾವೇ ಆ ಹಳೇ ಲೆಕ್ಕವನ್ನು ನಂಬಿಕೊಂಡು ಊರು ಬೆಳೆಸಿದ್ವಿ. ಪೈಪು ಮುಟ್ಟದ ಬಡಾವಣೆಗೆಲ್ಲ ಬೋರ್‌ವೆಲ್ಲೇ ದೇವರು. 2024ರ ಮಾರ್ಚ್‌ನಲ್ಲಿ ನಗರದ ಸರ್ಕಾರಿ ಬೋರ್‌ವೆಲ್‌ಗಳಲ್ಲಿ ಸುಮಾರು ಅರ್ಧ ಬತ್ತಿವೆ ಅಂತ ಸರ್ಕಾರ ಹೇಳಿದಾಗ ಅಪಾರ್ಟ್‌ಮೆಂಟ್‌ಗಳ ಮುಂದೆ ಟ್ಯಾಂಕರ್ ಸಾಲು ನಿಂತಿತ್ತು. ಅವತ್ತಿನ ಪ್ಯಾನೆಲ್ ಚರ್ಚೆಗೆ ನಾವು ಇಟ್ಟ ಹೆಸರು 'ಟ್ಯಾಂಕರ್ ಮಾಫಿಯಾ'. ಅದೇನೂ ಸುಳ್ಳಲ್ಲ ಬಿಡಿ. ಆದರೆ ಟ್ಯಾಂಕರ್ ಬರೋದು ಬೋರ್ ಬತ್ತಿದ ಮೇಲೆ, ಬೋರ್ ಬತ್ತೋದು ಮಳೆ ಹೋದ ಮೇಲೆ, ಕಾವೇರಿಯ ಪೈಪಿಗೆ ನೂಕುನುಗ್ಗಲು ಆಗೋದೂ ಅದೇ ಹೊತ್ತಿನಲ್ಲಿ. ಅದೇ ವರ್ಷ ಅಕ್ಟೋಬರ್ 16ಕ್ಕೆ ಕಾವೇರಿ ಐದನೇ ಹಂತ ಉದ್ಘಾಟನೆಯಾಯ್ತು: ದಿನಕ್ಕೆ ಇನ್ನೂ 77.5 ಕೋಟಿ ಲೀಟರ್, 110 ಹಳ್ಳಿಗಳಿಗೆ. ಅವರು ವರ್ಷಗಟ್ಟಲೆ ಕಾದಿದ್ದವರು, ಅವರಿಗೆ ಅದು ಬೇಕೇಬೇಕು. ಆ ನೀರನ್ನೂ ಎತ್ತಬೇಕಲ್ಲ, ಅಷ್ಟೇ ನಾನು ಕೇಳೋದು. ಬರದ ವರ್ಷ ಕರೆಂಟು ಕಡಿಮೆಯಾದಾಗ ತೊರೆಕಾಡನಹಳ್ಳಿಯ ಪಂಪಿಗೆ ಮೊದಲೋ, ಪಕ್ಕದ ಹೊಲದ ಮೋಟಾರಿಗೆ ಮೊದಲೋ? ಉತ್ತರ ನಮಗೆಲ್ಲ ಗೊತ್ತು. ಗಟ್ಟಿಯಾಗಿ ಹೇಳಲ್ಲ, ಅಷ್ಟೇ.

ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಆ ಗಣಿಗಾಗಿ ಶುರುವಾದ ಶಿವನಸಮುದ್ರದ ಯಂತ್ರಮನೆ ಇನ್ನೂ ಕೆಲಸ ಮಾಡ್ತಾ ಇದೆ, ಪುಟ್ಟದಾದರೂ, ಶೇಷಾದ್ರಿ ಅಯ್ಯರ್ ಹೆಸರಿನಲ್ಲಿ. ನಾನು ಹೋಗಿದ್ದೆ. ಮೇಲೆ ನಿಂತು ನೋಡಿದರೆ ಕೊಳವೆಗಳು ಕಮರಿಗೆ ಇಳಿಯುವುದು ಕಾಣುತ್ತೆ. ಹತ್ತಿರದಲ್ಲೇ ಗಗನಚುಕ್ಕಿ ನೋಡೋಕೆ ಬಂದ ಜನ ಸೆಲ್ಫಿ ತೆಗೆದುಕೊಳ್ತಾ, 'ಅಯ್ಯೋ, ನೀರೇ ಇಲ್ವಲ್ಲ' ಅಂತಿದ್ರು.

2025ರಲ್ಲಿ ಜೂನ್ ತಿಂಗಳಲ್ಲೇ ಕೆಆರ್‌ಎಸ್ ತುಂಬಿತು. ಅಣೆಕಟ್ಟಿನ ಇತಿಹಾಸದಲ್ಲೇ ಮೊದಲ ಸಲ. ಜೂನ್ 30ಕ್ಕೆ ಮುಖ್ಯಮಂತ್ರಿಗಳು ಬಾಗಿನ ಅರ್ಪಿಸಿದರು. ನಮ್ಮ ಚೌಕಟ್ಟು ಹಸಿರು ಬಣ್ಣಕ್ಕೆ ತಿರುಗಿತು, ಕಾವೇರಿ ಚರ್ಚೆ ರದ್ದಾಯ್ತು, ಆ ಸ್ಲಾಟ್‌ಗೆ ಬೇರೇನೋ ಬಂತು. ಎರಡೇ ವರ್ಷದ ಅಂತರದಲ್ಲಿ ಅದೇ ಕಟ್ಟೆ, ಅದೇ ಹೊಳೆ. ಕಡಿಮೆ ಬೀಳುವ ವರ್ಷದ ಲೆಕ್ಕವನ್ನು ಕೂತು ಮಾತಾಡೋಕೆ ತುಂಬಿದ ವರ್ಷಕ್ಕಿಂತ ಒಳ್ಳೆ ಹೊತ್ತು ಯಾವುದಿದೆ ಅಂತ ಬೆಳಗಿನ ಮೀಟಿಂಗಿನಲ್ಲಿ ಕೇಳಿದೆ. 'ಸರ್, ನೀರು ತುಂಬಿದೆ, ಯಾರು ನೋಡ್ತಾರೆ?' ಅಂದ ನಮ್ಮ ಪ್ರೊಡ್ಯೂಸರ್ ಹುಡುಗ. ಅವನ ಮಾತು ತಪ್ಪು ಅಂತ ಹೇಳೋಕೆ ನನ್ನ ಹತ್ತಿರ ರೇಟಿಂಗ್ ಇರಲಿಲ್ಲ.

ಆ ವಾರವೇ ಮಳವಳ್ಳಿಯ ಆ ಯಜಮಾನರಿಗೆ ನಾನೇ ಫೋನ್ ಮಾಡಿದೆ. ನಂಬರ್ ಇಟ್ಟುಕೊಂಡಿದ್ದೆ. ಕಟ್ಟೆ ತುಂಬಿದೆಯಲ್ಲ, ಖುಷಿನಾ ಅಂದೆ. ಅವರದು ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗ. 'ಕಟ್ಟೆ ತುಂಬದೆ ಸಾ, ಟೀವೀಲಿ ನೋಡ್ದೆ,' ಅಂದ್ರು. 'ನಾಲೆ ಕೊನೆಗೆ ಇನ್ನೂ ಬಂದಿಲ್ಲ. ಮೋಟ್ರು ಹಾಕ್ಕೊಂಡು ಕೂತಿವ್ನಿ, ಕರೆಂಟ್ಗೆ ಕಾಯ್ತಾವ್ನಿ.'